ಒಂದೇ ರಾಗ, ಎರಡು ಪ್ಲೇಟು: ಬೇಗಂ ಬಜಾರಿನ ಒಂದು ಸಂಗ್ರಹದ ಸುತ್ತ

ಬೇಗಂ ಬಜಾರ್ ಎಂದೊಡನೆ ಹೈದರಾಬಾದಿನ ಕನ್ನಡ ಕುಟುಂಬಗಳಿಗೆ ನೆನಪಾಗುವುದು ಮದುವೆಗೆ ಕೊಳ್ಳುವ ಹಿತ್ತಾಳೆ ಪಾತ್ರೆಗಳು, ಗೋಡಂಬಿ ದ್ರಾಕ್ಷಿ, ಸಗಟು ದರದ ಸಾಂಬಾರ ಪದಾರ್ಥಗಳು. ನಿಜಾಮ್ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವರ್ತಕರಿಗೆಂದು ಬಿಟ್ಟುಕೊಟ್ಟ ನೆಲವಾದುದರಿಂದ ಈ ಹೆಸರು ಬಂದಿತೆಂಬುದು ಪ್ರತೀತಿ. ಮಾರವಾಡಿ ಮತ್ತು ಗುಜರಾತಿ ವರ್ತಕರ ನಡುವೆ ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಬಂದು ನೆಲೆಸಿದ ಕನ್ನಡಿಗರೂ ಇಲ್ಲಿದ್ದಾರೆ. 1956ರವರೆಗೆ ಆ ಜಿಲ್ಲೆಗಳು ಹೈದರಾಬಾದಿನ ಆಡಳಿತಕ್ಕೇ ಸೇರಿದ್ದುದರಿಂದ ಅವರಿಗೆ ಇದು ಪರವೂರಾಗಿರಲಿಲ್ಲ. ಅಂಥ ಒಬ್ಬ ತೊಗರಿಬೇಳೆ ವರ್ತಕರು ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಗ್ರಾಮಫೋನ್ ಪ್ಲೇಟುಗಳನ್ನು, ನೂರರಷ್ಟು ಎಲ್‌ಪಿಗಳನ್ನು, ಎಣಿಸಲಾಗದಷ್ಟು ಕ್ಯಾಸೆಟ್ಟುಗಳನ್ನು ಕೂಡಿಟ್ಟಿದ್ದರು. ಹಲವು ವರ್ಷಗಳ ಕಾಲ ಭಾನುವಾರದ ಬೆಳಗುಗಳಲ್ಲಿ ನಾವು ಐದಾರು ಮಂದಿ ಅಲ್ಲಿ ಸೇರಿ ಕೇಳುತ್ತಿದ್ದೆವು, ಕೇಳಿದ್ದಕ್ಕಿಂತ ಹೆಚ್ಚಾಗಿ ವಾದಿಸುತ್ತಿದ್ದೆವು.

ಆ ಹಿರಿಯರು ಕಳೆದ ವರ್ಷ ತೀರಿಕೊಂಡರು. ಈಗ ಕಟ್ಟಡ ಮಾರಾಟವಾಗುತ್ತಿದೆ. ಹತ್ತಂಗುಲದ ಒಂದು ಪ್ಲೇಟು ಇನ್ನೂರು ಗ್ರಾಮಿಗೂ ಮೀರಿ ತೂಗುತ್ತದೆ. ಮುನ್ನೂರು ಪ್ಲೇಟುಗಳೆಂದರೆ ಒಂದು ಮೂಟೆ ಬೇಳೆಗಿಂತ ಭಾರ, ಬೇಳೆಗಿಂತ ಬಹಳ ನಾಜೂಕು. "ಅಪ್ಪಾರು ಕೂಡಿಟ್ಟಿದ್ದೆಲ್ಲಾ ಇಡಲಿಕ್ಕೆ ಫ್ಲ್ಯಾಟಿನ್ಯಾಗ ಜಾಗಾ ಇಲ್ರಿ ಕಾಕಾ. ಯಾವುದು ಇಡಬೇಕು, ಯಾವುದು ಬಿಡಬೇಕು, ನೀವೇ ಹೇಳ್ರಿ" ಎಂದು ಅವರ ಮಗ ಕೇಳಿದಾಗ ನಮ್ಮ ಅಷ್ಟು ವರ್ಷಗಳ ವಾದಗಳಿಗೆ ಒಮ್ಮೆಲೇ ಬೇರೊಂದು ಅರ್ಥ ಬಂದಿತು. ಯಾವ ಮುದ್ರಿಕೆ ಮೇಲು ಎಂಬ ಪ್ರಶ್ನೆ ಅಲ್ಲಿಯವರೆಗೆ ಚಹಾದೊಂದಿಗೆ ಮುಗಿಯುತ್ತಿತ್ತು. ಈಗ ಅದರ ಉತ್ತರದ ಮೇಲೆ ಯಾವುದು ಉಳಿಯುತ್ತದೆ, ಯಾವುದು ಗುಜರಿಗೆ ಹೋಗುತ್ತದೆ ಎಂಬುದು ನಿರ್ಧಾರವಾಗುವಂತಾಯಿತು. ಹಳೆಯ ಧ್ವನಿಮುದ್ರಿಕೆಗಳನ್ನು ಹೋಲಿಸಿ ನೋಡುವುದೆಂದರೆ ಏನು ಎಂಬುದನ್ನು ನಮ್ಮ ಕನ್ನಡ ಕುಟುಂಬಗಳಿಗೆ ವಿವರಿಸಬೇಕೆನಿಸಿದ್ದು ಈ ಕಾರಣದಿಂದ. ಇಂಥ ಪೆಟ್ಟಿಗೆಗಳು ಇನ್ನೂ ಅನೇಕ ಮನೆಗಳ ಅಟ್ಟದ ಮೇಲಿವೆ ಎಂಬುದು ನಮ್ಮ ನಂಬಿಕೆ.

ಮೊದಲು ವಸ್ತುವಿನ ಮಾತು. ಹಳೆಯ 78 ವೇಗದ ಪ್ಲೇಟುಗಳು ಅರಗಿನಿಂದ ಮಾಡಿದವು. ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನ ಬಳೆಗಳಿಗೂ ಮೂಲದ್ರವ್ಯ ಅದೇ ಅರಗು. ಬಳೆ ಹೇಗೆ ಕೈಜಾರಿದರೆ ಚೂರಾಗುವುದೋ ಪ್ಲೇಟೂ ಹಾಗೆಯೇ. ಭಾರತದಲ್ಲಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ; ಮೊದಲಿಗೆ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದುದು ಪ್ರಸಿದ್ಧ. ಪ್ಲೇಟುಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲು ಈ ಘೋಷಣೆ ನೆರವಾಗುತ್ತಿತ್ತು. ಈ ಮಹಾಗಾಯಕಿ 1930ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ.

ಆರಂಭದ ಎರಡು ದಶಕಗಳ ಮುದ್ರಣದಲ್ಲಿ ವಿದ್ಯುತ್ತು ಇರಲಿಲ್ಲ. ಗಾಯಕರು ಒಂದು ದೊಡ್ಡ ತುತ್ತೂರಿಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು, ಆ ಕಂಪನವೇ ಮೇಣದ ಮೇಲೆ ಗೆರೆ ಕೊರೆಯಬೇಕು. ಮೈಕ್ರೋಫೋನು ಬಂದದ್ದು 1920ರ ದಶಕದ ಉತ್ತರಾರ್ಧದಲ್ಲಿ. ಈ ಒಂದು ಬದಲಾವಣೆಯನ್ನು ಕಿವಿಯಿಂದಲೇ ತಿಳಿಯಬೇಕೆಂದರೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅವರು 1905ರಲ್ಲಿ ತುತ್ತೂರಿಯ ಮುಂದೆ ಹಾಡಿದರು, ಆಗ ವಯಸ್ಸು ಮೂವತ್ತಮೂರರ ಆಸುಪಾಸು. ಮತ್ತೆ 1930ರ ದಶಕದ ಮಧ್ಯದಲ್ಲಿ ಓಡಿಯನ್ ಕಂಪನಿಗೆ ಮೈಕಿನ ಮುಂದೆ ಹಾಡಿದರು, ಆಗ ಅರವತ್ತು ದಾಟಿತ್ತು. ಮೊದಲಿನದರಲ್ಲಿ ಯೌವನದ ಕಂಠವಿದೆ, ಆದರೆ ಅದು ಗೋಡೆಯಾಚೆಯಿಂದ ಕೇಳಿದಂತೆ ಕೇಳುತ್ತದೆ. ಎರಡನೆಯದರಲ್ಲಿ ವೃದ್ಧರ ಕಂಠವಿದೆ, ಆದರೆ ಅವರು ನಮ್ಮ ಪಕ್ಕದಲ್ಲಿ ಕುಳಿತಿದ್ದಾರೆ. ಸ್ವರದ ಮೇಲೆ ಉಸಿರು ತಂಗುವುದು ಕೂಡ ತಿಳಿಯುತ್ತದೆ. ಯಾವುದನ್ನು ಮೇಲೆನ್ನುವುದು? ನಮ್ಮ ಗುಂಪಿನಲ್ಲಿ ಮೊದಲಿನದರ ಪಕ್ಷ ವಹಿಸಿದವರು ಒಬ್ಬರೇ, ಅವರೂ ಕಾನೂನು ಓದಿದವರಾದುದರಿಂದ ವಾದಕ್ಕಾಗಿ ವಹಿಸಿದ್ದರೆಂದು ನಮ್ಮ ಅನುಮಾನ.

ಖಾನ್ ಸಾಹೇಬರ ಆ ಓಡಿಯನ್ ಮುದ್ರಿಕೆಗಳು, ಅದರಲ್ಲೂ ಝಿಂಝೋಟಿ ಮತ್ತು ಭೈರವಿ ಠುಮ್ರಿಗಳು, ಉತ್ತರ ಕರ್ನಾಟಕದ ಸಂಗೀತಕ್ಕೆ ಗುರುಮನೆಯಂತೆ ಕೆಲಸ ಮಾಡಿದವು. ಗದಗಿನ ಬಾಲಕ ಭೀಮಸೇನ ಅಂಗಡಿಯೊಂದರಲ್ಲಿ ಆ ಝಿಂಝೋಟಿಯನ್ನು ಕೇಳಿ ಗುರುವನ್ನರಸಿ ಮನೆ ಬಿಟ್ಟದ್ದು ಈಗ ಎಲ್ಲರೂ ಬಲ್ಲ ಕಥೆ. ಕೊನೆಗೆ ಆ ಹುಡುಗ ಸೇರಿದ್ದು ಕುಂದಗೋಳಕ್ಕೆ, ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಬಳಿಗೆ. ಹೀಗಾಗಿ ಭೈರವಿಯ ಒಂದೇ ಠುಮ್ರಿಯನ್ನು ಖಾನ್ ಸಾಹೇಬರಲ್ಲೂ ಭೀಮಸೇನ ಜೋಶಿಯವರಲ್ಲೂ ಕೇಳುವುದೆಂದರೆ ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ಪಡಸಾಲೆಯಲ್ಲಿ ಕಂಡಂತೆ. ಮೂರು ಚಿಲ್ಲರೆ ನಿಮಿಷದ ಪ್ಲೇಟಿನಲ್ಲಿ ಅಜ್ಜನಿಗೆ ವಿಸ್ತರಿಸಲು ಎಡೆಯಿಲ್ಲ. ಹೇಳಬೇಕಾದುದನ್ನು ಆರಿಸಿ ಹೇಳುತ್ತಾರೆ. ಮೊಮ್ಮಗನಿಗೆ ಎಲ್‌ಪಿಯ ಇಪ್ಪತ್ತು ನಿಮಿಷ, ಕಛೇರಿಯಲ್ಲಿ ಅದಕ್ಕೂ ಮೀರಿದ ಅವಕಾಶ. ಚಿಕ್ಕದು ಅಪೂರ್ಣ, ದೊಡ್ಡದು ಪೂರ್ಣ ಎಂದು ಹೇಳುವವರನ್ನು ನಾವು ಒಪ್ಪುವುದಿಲ್ಲ. ಖಾನ್ ಸಾಹೇಬರು ಆ ಮೂರು ನಿಮಿಷದಲ್ಲಿ ಬಿಟ್ಟದ್ದು ಯಾವುದು ಎಂದು ಕೇಳಿಕೊಂಡರೆ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ.

ಇಲ್ಲಿ ಹೋಲಿಕೆಯ ಒಂದು ಸೂಕ್ಷ್ಮವನ್ನು ಹೇಳಬೇಕು. 78 ಎಂಬುದು ಹೆಸರಿಗೆ ಮಾತ್ರ. ಹಳೆಯ ಎಷ್ಟೋ ಪ್ಲೇಟುಗಳು ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಿತವಾದವುಗಳಲ್ಲ. 75 ಸುತ್ತಿನಲ್ಲಿ ಕೊರೆದ ಪ್ಲೇಟನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಅರ್ಧ ಮನೆಗಿಂತ ತುಸು ಹೆಚ್ಚೇ ಏರುತ್ತದೆ, 200 ಸೆಕೆಂಡಿನ ಹಾಡು 192 ಸೆಕೆಂಡಿಗೆ ಮುಗಿಯುತ್ತದೆ. (ಹಾರ್ಮೋನಿಯಂನ ಬಿಳಿ ಮನೆಯಿಂದ ಪಕ್ಕದ ಕಪ್ಪು ಮನೆಗೆ ಇರುವ ಅಂತರವನ್ನು ಒಂದು ಮನೆಯೆಂದು ಇಲ್ಲಿ ಎಣಿಸಿದ್ದೇವೆ.) ಆಗ ಕಂಠ ತೆಳುವಾಗುತ್ತದೆ, ತಾನು ಚುರುಕಾಗುತ್ತದೆ, "ಆಹಾ, ಎಂಥ ವೇಗ!" ಎಂದು ನಾವು ತಲೆದೂಗುತ್ತೇವೆ. ಆ ವೇಗ ಗಾಯಕರದಲ್ಲ, ಯಂತ್ರದ್ದು. ಬೇಗಂ ಬಜಾರಿನ ಹಿರಿಯರ ಬಳಿ ಒಂದು ಹಳೆಯ ಹಾರ್ಮೋನಿಯಂ ಇತ್ತು. ಪಕ್ಕವಾದ್ಯವಾಗಿ ಹಾರ್ಮೋನಿಯಂ ಇರುವ ಪ್ಲೇಟಾದರೆ ಅದರ ಷಡ್ಜ ಯಾವುದಾದರೂ ಒಂದು ಮನೆಗೆ ಕೂಡಬೇಕು. ಎರಡು ಮನೆಗಳ ನಡುವೆ ಸಿಕ್ಕಿಕೊಂಡರೆ ಅವರು ಯಂತ್ರದ ವೇಗವನ್ನು ಕೊಂಚ ತಗ್ಗಿಸಿ ಅಥವಾ ಏರಿಸಿ ನೋಡುತ್ತಿದ್ದರು. ಇದು ಪಕ್ಕಾ ಪ್ರಮಾಣವಲ್ಲ, ಆ ಕಾಲದ ಹಾರ್ಮೋನಿಯಂಗಳ ಶ್ರುತಿಯೂ ಊರಿಗೊಂದು ತೆರನಾಗಿತ್ತು. ಆದರೂ ಎರಡು ಮುದ್ರಿಕೆಗಳನ್ನು ಹೋಲಿಸುವ ಮುನ್ನ ಇಷ್ಟನ್ನಾದರೂ ಮಾಡದಿದ್ದರೆ ನಮ್ಮ ತೀರ್ಪಿಗೆ ಬೆಲೆಯಿಲ್ಲ.

ಒಂದೇ ಹಾಡಿನ ಬೇರೆ ಬೇರೆ ಅವತಾರಗಳೂ ಇವೆ. ಖಾನ್ ಸಾಹೇಬರ ಓಡಿಯನ್ ಪ್ಲೇಟುಗಳು ಮುಂದೆ ಕೊಲಂಬಿಯಾ ಮುದ್ರೆಯಲ್ಲಿ ಮತ್ತೆ ಬಂದವು, ನಂತರ ಎಲ್‌ಪಿಯಾದವು, ಕ್ಯಾಸೆಟ್ಟಾದವು, ಸಿ.ಡಿ. ಆದವು, ಈಗ ಅಂತರ್ಜಾಲದಲ್ಲಿ ಬೆರಳ ತುದಿಗೆ ಸಿಗುತ್ತವೆ. ಹೊಸ ಅವತಾರವೇ ಒಳ್ಳೆಯದೆಂದು ತಿಳಿಯಬೇಡಿ. ಹಳೆಯ ಪ್ಲೇಟಿನ ಕರಕರ ಸದ್ದನ್ನು ತೆಗೆಯಲು ಶೋಧಕ ಹಾಕುತ್ತಾರೆ. ಆ ಶೋಧಕಕ್ಕೆ ಕರಕರ ಯಾವುದು, ತಂಬೂರಿಯ ಝೇಂಕಾರ ಯಾವುದು ಎಂಬ ವಿವೇಕವಿಲ್ಲ. ಕಿರಾಣಾ ಗಾಯಕರ ಜೀವವೇ ತಂಬೂರಿಯಲ್ಲಿದೆ. ಅದನ್ನು ಸೋಸಿ ತೆಗೆದ ಮೇಲೆ ಉಳಿಯುವುದು ಹತ್ತಿಯಲ್ಲಿ ಸುತ್ತಿಟ್ಟ ದನಿ. ಕರಕರ ಸದ್ದಿಗೆ ಕಿವಿ ಐದು ನಿಮಿಷದಲ್ಲಿ ಒಗ್ಗುತ್ತದೆ, ಇಲ್ಲದ ಝೇಂಕಾರವನ್ನು ಕಿವಿ ಹುಟ್ಟಿಸಲಾರದು. ಈ ವಿಷಯದಲ್ಲಿ ನಮ್ಮ ಗುಂಪಿನಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ, ಅದೊಂದು ಅಪರೂಪದ ಸಂಗತಿ.

ಭಾನುವಾರದ ಕೇಳಿಕೆಗೆ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಹಾಡುವವರ ಹೆಸರನ್ನು ಮೊದಲೇ ಹೇಳುವಂತಿಲ್ಲ, ಮತ್ತು ಇಷ್ಟವಾಯಿತೋ ಇಲ್ಲವೋ ಎಂದು ಹೇಳುವ ಮುನ್ನ ಏನು ಕೇಳಿಸಿತು ಎಂದು ಹೇಳಬೇಕು. ಹೆಸರು ತಿಳಿದರೆ ಕಿವಿ ಹೆಸರನ್ನೇ ಕೇಳುತ್ತದೆ ಎಂಬುದು ಅವರ ಅನುಭವ. ಈ ಕಟ್ಟಳೆಯ ಬೆಲೆ ತಿಳಿದದ್ದು ಒಮ್ಮೆ ಅವರು 1930ರ ದಶಕದ ಒಂದು ಪ್ಲೇಟನ್ನು ಹಾಕಿದಾಗ. ಎಳೆಯ, ಸಪೂರಾದ, ತಾರದಲ್ಲಿ ಸಲೀಸಾಗಿ ಓಡಾಡುವ ಹೆಣ್ಣುದನಿ. ನಮ್ಮಲ್ಲಿ ಯಾರೂ ಹೆಸರು ಹೇಳಲಿಲ್ಲ. ಪ್ಲೇಟಿನ ಮೇಲಿದ್ದ ಹೆಸರು ಗಾಂಧಾರಿ ಹುಬ್ಬಳ್ಳಿಕರ್. ಅಂದರೆ ನಮ್ಮ ಗಂಗೂಬಾಯಿ ಹಾನಗಲ್! ಗಂಟಲಿನ ಚಿಕಿತ್ಸೆಯ ತರುವಾಯ ಅವರ ಕಂಠ ಗಂಡುದನಿಯಂತೆ ಆಳಕ್ಕಿಳಿಯಿತು. ನಾವೆಲ್ಲ ಬಲ್ಲ, ಗಂಭೀರವಾದ ಆ ದನಿ ಎರಡನೆಯದು. ಎರಡೂ ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿದಾಗ ಕಂಠ ಬದಲಾದರೂ ಬದಲಾಗದ ಒಂದು ನಡೆ ಇದೆಯೆಂದು ಗೊತ್ತಾಗುತ್ತದೆ. ಸ್ವರದಿಂದ ಸ್ವರಕ್ಕೆ ಹೆಜ್ಜೆಯಿಡುವ ಸಾವಧಾನ ಅದು. ಕಳೆದುಕೊಂಡ ಕಂಠಕ್ಕಾಗಿ ಕೂರದೆ ಸಿಕ್ಕ ಕಂಠದಲ್ಲಿ ಹೊಸದಾಗಿ ಹಾಡಲು ಕಲಿತ ಕಥೆಯನ್ನು ಯಾವ ಪುಸ್ತಕಕ್ಕಿಂತಲೂ ಈ ಎರಡು ಮುದ್ರಿಕೆಗಳು ಚೆನ್ನಾಗಿ ಹೇಳುತ್ತವೆ.

ಇದೇ ಬಗೆಯಲ್ಲಿ ಮಲ್ಲಿಕಾರ್ಜುನ ಮನಸೂರರ ಗೌಡ ಮಲ್ಹಾರ. ನೀಲಕಂಠ ಬುವಾ ಮಿರಜಕರರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತಿದ್ದ ತರುಣ ಮನಸೂರರು ಎಚ್‌ಎಂವಿಗೆ ಗೌಡ ಮಲ್ಹಾರ ಮತ್ತು ಅಡಾಣಾ ಹಾಡಿದರು. ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಕಿವಿಗೆ ಮುಂಬಯಿಯಲ್ಲಿ ಈ ಪ್ಲೇಟು ಬಿದ್ದದ್ದೇ ಮನಸೂರರ ಜೀವನದ ತಿರುವು. ಮುಂದೆ ಅವರು ಮಂಜಿ ಖಾನರ, ತರುವಾಯ ಬುರ್ಜಿ ಖಾನರ ಶಿಷ್ಯರಾಗಿ ಜೈಪುರ ಅತ್ರೌಲಿ ಘರಾಣೆಯ ಹಿರಿಯ ದನಿಯಾದರು. ಇದನ್ನು ಅವರೇ 'ನನ್ನ ರಸಯಾತ್ರೆ'ಯಲ್ಲಿ ಬರೆದಿದ್ದಾರೆ. ಆ ಪ್ಲೇಟನ್ನೂ ಅವರ ಇಳಿವಯಸ್ಸಿನ ಗೌಡ ಮಲ್ಹಾರವನ್ನೂ ಜೊತೆಗಿಟ್ಟು ಕೇಳಬೇಕು. ಮೊದಲಿನದರಲ್ಲಿ ತಾನುಗಳು ನೇರವಾಗಿ ಏರಿ ನೇರವಾಗಿ ಇಳಿಯುತ್ತವೆ, ಹುಡುಗನೊಬ್ಬ ಮೆಟ್ಟಿಲು ಹಾರಿ ಹತ್ತಿದಂತೆ. ಎರಡನೆಯದರಲ್ಲಿ ಸ್ವರಗಳು ಒಂದರೊಳಗೊಂದು ಹೆಣೆದುಕೊಂಡು, ಸಮ್ ಎಲ್ಲಿ ಬಂದಿತೆಂದು ತಿಳಿಯುವಷ್ಟರಲ್ಲಿ ಮುಂದಿನ ಆವರ್ತ ಆರಂಭವಾಗಿರುತ್ತದೆ. ಒಬ್ಬನೇ ಮನುಷ್ಯ, ಒಂದೇ ರಾಗ. ನಡುವೆ ಒಂದು ಘರಾಣೆಯೇ ಬಂದು ಕುಳಿತಿದೆ.

ಕುಮಾರ ಗಂಧರ್ವರದು ಇನ್ನೂ ಕಠಿಣವಾದ ಪ್ರಸಂಗ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಈ ಬಾಲಕ ದೊಡ್ಡ ಗಾಯಕರ ಪ್ಲೇಟುಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದುದರಿಂದಲೇ ಹೆಸರಾದವರು. 1930ರ ದಶಕದಲ್ಲೇ ಅವರ ಎಳೆದನಿಯ ಪ್ಲೇಟುಗಳೂ ಬಂದವು. ಮುಂದೆ ಕ್ಷಯ ತಗುಲಿ ವರ್ಷಗಟ್ಟಲೆ ದೇವಾಸದಲ್ಲಿ ಹಾಡದೆ ಮಲಗಿದ್ದು, 1950ರ ದಶಕದ ಆರಂಭದಲ್ಲಿ ಮತ್ತೆ ಹಾಡಲು ತೊಡಗಿದಾಗ ಉಸಿರು ಹಳೆಯದಾಗಿರಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡುವ ಅವರ ರೀತಿಯನ್ನು ಕೆಲವರು ಶ್ವಾಸಕೋಶದ ಮಿತಿ ಎನ್ನುತ್ತಾರೆ, ಕೆಲವರು ಚಿಂತನೆಯ ಫಲ ಎನ್ನುತ್ತಾರೆ. ನಮ್ಮಲ್ಲಿ ಈ ವಾದ ಮುಗಿದದ್ದೇ ಇಲ್ಲ.

ಹಳೆ ಮೈಸೂರಿನ ಕಡೆಯ ಮಿತ್ರರು "ಎಲ್ಲವೂ ಧಾರವಾಡವೇ ಏನು?" ಎಂದು ಕೇಳದೆ ಇರುವುದಿಲ್ಲ. ಅವರ ಮನೆಗಳಲ್ಲಿ ಚೌಡಯ್ಯನವರ ಏಳು ತಂತಿಯ ಪಿಟೀಲು, ದೊರೆಸ್ವಾಮಿ ಅಯ್ಯಂಗಾರರ ವೀಣೆ ಇದ್ದೇ ಇರುತ್ತವೆ. ದಾಸರ ಪದಗಳ ವಿಷಯ ಬಂದರಂತೂ ಮನೆಯೊಳಗೇ ಪಕ್ಷಗಳು: ಒಬ್ಬರಿಗೆ ಎಂ.ಎಸ್. ಸುಬ್ಬುಲಕ್ಷ್ಮಿ, ಒಬ್ಬರಿಗೆ ಎಂ.ಎಲ್. ವಸಂತಕುಮಾರಿ, ಒಬ್ಬರಿಗೆ ಭೀಮಸೇನರ ದಾಸವಾಣಿ, ಕಿರಿಯರಿಗೆ ವಿದ್ಯಾಭೂಷಣರು. ನಮ್ಮ ಮನೆಯಲ್ಲಿ ಶುಕ್ರವಾರ ಯಾವುದನ್ನು ಹಾಕಬೇಕೆಂಬ ನಿರ್ಧಾರ ನಮ್ಮ ಕೈಯಲ್ಲಿಲ್ಲ. ಆದುದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಮ್ಮ ಹೈದರಾಬಾದಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಉಸ್ತಾದ್ ಬಡೇ ಗುಲಾಮ್ ಅಲಿ ಖಾನರು 1968ರಲ್ಲಿ ತೀರಿಕೊಂಡದ್ದು ಈ ನಗರದಲ್ಲಿ. ಪಂಡಿತ್ ಜಸರಾಜರು ಬಾಲ್ಯ ಕಳೆದದ್ದೂ ಇಲ್ಲಿ; ಶಾಲೆಗೆ ಹೋಗುವ ದಾರಿಯ ಹೋಟೆಲಿನಲ್ಲಿ ಬೇಗಂ ಅಖ್ತರರ ಗಜಲಿನ ಪ್ಲೇಟು ಕೇಳುತ್ತ ಶಾಲೆಯನ್ನೇ ಮರೆಯುತ್ತಿದ್ದೆನೆಂದು ಅವರು ಹೇಳಿಕೊಂಡಿದ್ದರು. ಅವರ ತಂದೆ ಪಂಡಿತ್ ಮೋತಿರಾಮರು 1934ರಲ್ಲಿ ನಿಜಾಮರ ಆಸ್ಥಾನ ಗಾಯಕರೆಂದು ಘೋಷಿತರಾಗಬೇಕಿದ್ದ ದಿನವೇ ಇಲ್ಲಿ ನಿಧನರಾದರು. ತಂದೆಯ ನೆನಪಿಗೆ ಜಸರಾಜರು 1972ರಲ್ಲಿ ಆರಂಭಿಸಿದ ಸಂಗೀತ ಸಮಾರೋಹಕ್ಕೆ ನಮ್ಮ ಕನ್ನಡಿಗರಲ್ಲಿ ಬಹುಮಂದಿ ತಪ್ಪದೆ ಹೋಗುತ್ತಿದ್ದರು.

ಇನ್ನು ಬೇಗಂ ಬಜಾರಿನ ಕೋಣೆಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಹೆಚ್ಚಿನವರ ಮೊದಲ ಮಾತು, ಪ್ಲೇಟುಗಳನ್ನು ಉಳಿಸಬೇಕು, ಕ್ಯಾಸೆಟ್ಟುಗಳನ್ನು ಬಿಡಬಹುದು ಎಂದಾಗಿತ್ತು. ಪ್ಲೇಟು ನೋಡಲು ಅಂದ, ಹಳೆಯದು, ಬೆಲೆಯುಳ್ಳದ್ದು. ಗುರುವಾರದ ಸಂತೆಯಿಂದ ಹೆಸರು ಪಡೆದ ಹತ್ತಿರದ ಜುಮ್ಮೇರಾತ್ ಬಜಾರಿನಲ್ಲಿ ಕೊಳ್ಳುವವರೂ ಸಿಗುತ್ತಾರೆ. (ಅಂಥಲ್ಲಿ ಥಳಥಳಿಸುವ ಹಿತ್ತಾಳೆ ತುತ್ತೂರಿಯ 'ಪುರಾತನ' ಗ್ರಾಮಫೋನುಗಳೂ ಕಾಣಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಈಚೆಗೆ ಜೋಡಿಸಿದವು. ದಿವಾನಖಾನೆಗೆ ಶೋಭೆ, ಪ್ಲೇಟಿಗೆ ಶತ್ರು.) ಆದರೆ ನಾಲ್ಕು ಭಾನುವಾರ ಎಲ್ಲವನ್ನೂ ಬಿಡಿಸಿ ನೋಡಿದ ಮೇಲೆ ನಮ್ಮಲ್ಲಿ ಕೆಲವರಿಗೆ ಇದು ತಿರುಗುಮುರುಗಾಗಬೇಕೆಂದು ತೋರಿತು. ಅಬ್ದುಲ್ ಕರೀಮ್ ಖಾನರ ಓಡಿಯನ್ ಪ್ಲೇಟು ಬೇರೆ ಸಂಗ್ರಾಹಕರಲ್ಲೂ ಇದೆ. ಮೈಕಲ್ ಕಿನ್ನಿಯರ್ ಅವರು ಖಾನ್ ಸಾಹೇಬರ ಮುದ್ರಿಕೆಗಳ ಪಟ್ಟಿಯನ್ನೇ ಪುಸ್ತಕವಾಗಿ ಮಾಡಿದ್ದಾರೆ. ಮುಂಬಯಿಯಲ್ಲಿ 1990ರಲ್ಲಿ ಆರಂಭವಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘ, ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಕಟ್ಟಿದ ಸಂಗೀತ ಭಂಡಾರ ಇವೆಲ್ಲ ಆ ಕಾಲದ ಪ್ಲೇಟುಗಳ ಹಿಂದೆ ಬಿದ್ದು ಉಳಿಸುವ ಕೆಲಸ ಮಾಡಿವೆ. ಆದರೆ ಹಿರಿಯರು ರಾತ್ರಿ ರೇಡಿಯೋ ಮುಂದೆ ಕುಳಿತು ಮುದ್ರಿಸಿಕೊಂಡ ಕ್ಯಾಸೆಟ್ಟು? 1952ರಲ್ಲಿ ಆಕಾಶವಾಣಿ ಆರಂಭಿಸಿದ ಶನಿವಾರ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮ, ಧಾರವಾಡ ಕೇಂದ್ರದ ಕಛೇರಿಗಳು, ಊರ ಜಾತ್ರೆಯಲ್ಲಿ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ, ಬಸವರಾಜ ರಾಜಗುರುಗಳ ಒಂದು ಮನೆ ಕಛೇರಿ: ಇವುಗಳ ಇನ್ನೊಂದು ಪ್ರತಿ ಎಲ್ಲಿಯಾದರೂ ಇದೆಯೆಂದು ನಂಬಿ ಕೂರುವುದು ಹೇಗೆ? ಅರಗಿನ ಪ್ಲೇಟು ಬೀಳದಿದ್ದರೆ ಇನ್ನೂ ನೂರು ವರ್ಷ ಬಾಳೀತು. ಕ್ಯಾಸೆಟ್ಟಿನ ಪಟ್ಟಿಗೆ ಬೂಸು ಹಿಡಿಯುತ್ತದೆ, ಲೇಪ ಉದುರುತ್ತದೆ, ಹಾಕಿ ಕೇಳುವ ಯಂತ್ರವೇ ಸಿಗದಾಗಿದೆ.

ಈ ಮಾತಿಗೆ ಜಗಳವೇ ಆಯಿತೆನ್ನಬೇಕು. ಒಬ್ಬ ಮಿತ್ರರು ಎರಡು ವಾರ ಬರಲಿಲ್ಲ. ಕೊನೆಗೆ ನಿಂತ ಏರ್ಪಾಡು ಹೀಗೆ: ಅಪ್ರಕಟಿತ ಕ್ಯಾಸೆಟ್ಟುಗಳು ಮೊದಲು, ಎಂದೂ ಮತ್ತೆ ಹೊರಬರದ ಪ್ಲೇಟುಗಳು ಬಳಿಕ, ಎಲ್ಲೆಡೆ ಸಿಗುವ ಎಲ್‌ಪಿಗಳು ಬೇಕಾದವರಿಗೆ. ಖಾನ್ ಸಾಹೇಬರ ಭೈರವಿಯ ಎರಡು ಪ್ರತಿಗಳಲ್ಲಿ ಒಂದನ್ನು ಮಗನೇ ಇಟ್ಟುಕೊಂಡರು.

ಮನೆಯಲ್ಲಿ ಇಂಥ ಪೆಟ್ಟಿಗೆ ಇರುವವರಿಗೆ ಕೆಲವು ಮಾತು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆದುದರಿಂದ 78ರ ಪ್ಲೇಟನ್ನು ಸ್ಪಿರಿಟ್ ಬೆರೆತ ಯಾವ ದ್ರವದಿಂದಲೂ ಒರೆಸಬಾರದು. ಎಲ್‌ಪಿಯ ಮುಳ್ಳನ್ನು 78ಕ್ಕೆ ಹಾಕಿದರೆ ಅಗಲವಾದ ಗೆರೆಯ ತಳದಲ್ಲಿ ಅಲೆಯುತ್ತ ಕಸವನ್ನೇ ಹಾಡುತ್ತದೆ. ಹಳೆಯ ಉಕ್ಕಿನ ಮುಳ್ಳನ್ನು ಎಲ್‌ಪಿಗೆ ಹಾಕಿದರೆ ಎಲ್‌ಪಿ ಅಲ್ಲಿಗೆ ಮುಗಿಯಿತು. ಲೇಬಲ್ಲಿನ ಸುತ್ತಲಿನ ನುಣುಪು ಜಾಗದಲ್ಲಿ ಕೊರೆದ ಅಂಕಿಯನ್ನೂ ಬರೆದುಕೊಳ್ಳಿ, ಮುದ್ರಣದ ಗುರುತು ಅದೇ. ಕಂಪ್ಯೂಟರಿಗೆ ಇಳಿಸುವಾಗ ಯಾವ ಶೋಧಕವನ್ನೂ ಹಾಕದೆ ವೇವ್ ಕಡತವಾಗಿ ಒಂದು ಪ್ರತಿಯನ್ನು ತೆಗೆದಿಡಿ. ಸೋಸುವ ಆಟ ಬೇಕಾದರೆ ಅದರ ನಕಲಿನ ಮೇಲೆ ಆಡಬಹುದು. ಧ್ವನಿಮುದ್ರಿಕೆಯ ಹಕ್ಕು ನಮ್ಮ ದೇಶದಲ್ಲಿ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಬೇರೆಯವರಿಗೆ ಹಂಚುವ ಮುನ್ನ ಇಸವಿ ನೋಡುವುದು ಒಳ್ಳೆಯದು.

ಈವರೆಗೆ ತೊಂಬತ್ತು ನಿಮಿಷದ ನಲವತ್ತೇಳು ಕ್ಯಾಸೆಟ್ಟುಗಳು ಕಂಪ್ಯೂಟರಿಗೆ ಇಳಿದಿವೆ. ಹಿರಿಯರು ಅಂಗಡಿಯ ಲೆಕ್ಕದ ಪುಸ್ತಕದಂತೆಯೇ ಚುಟುಕಾಗಿ, ಕೆಲವು ಕನ್ನಡದಲ್ಲಿ ಕೆಲವು ಉರ್ದುವಿನಲ್ಲಿ ಚೀಟಿ ಬರೆದಂಟಿಸಿದ್ದಾರೆ. ಒಂದರ ಮೇಲೆ "ಧಾರವಾಡ, ರಾತ್ರಿ, ಪೂರಿಯಾ" ಎಂದಷ್ಟೇ ಇದೆ, ಹೆಸರಿಲ್ಲ. ಹೆಸರು ಮೊದಲೇ ಹೇಳಬಾರದೆಂಬ ತಮ್ಮ ಕಟ್ಟಳೆಯನ್ನು ಅವರು ಇಲ್ಲಿಯೂ ಪಾಲಿಸಿರಬೇಕು. ಮಂದ್ರದಲ್ಲಿ ಬಹಳ ಹೊತ್ತು ನಿಲ್ಲುವ ಗಂಡುಕಂಠ, ಜೊತೆಗೆ ಸಾರಂಗಿ, ಮೂವತ್ತೆಂಟನೆಯ ನಿಮಿಷದಲ್ಲಿ ಟೇಪು ಮುಗಿದು ಹಾಡು ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಐವರಲ್ಲಿ ಮೂರು ಹೆಸರುಗಳು ಹುಟ್ಟಿವೆ, ಯಾರೂ ಹಿಂದೆ ಸರಿಯುತ್ತಿಲ್ಲ. ಓದುಗರಲ್ಲಿ ಕಿರಾಣಾ ಗಾಯಕರನ್ನು ಎದುರಿಗೆ ಕುಳಿತು ಕೇಳಿದ ಹಿರಿಯರಿದ್ದರೆ ಒಂದು ಭಾನುವಾರ ಬಂದು ಈ ಪೂರಿಯಾವನ್ನು ಕೇಳಬೇಕು. ಕಟ್ಟಡ ಬಿಟ್ಟುಕೊಡಲು ಇನ್ನು ಆರು ವಾರವಿದೆ.